ಡ್ರ್ಯಾಗನ್ ಏರಿದವಳು ‘ಸವಾರಳೇ’? ಡ್ರ್ಯಾಗನ್ ‘ಅದು’ವೇ, ‘ಅವನೇ’?

ಮಾನ್ಯರೇ,

ಡ್ರ್ಯಾಗನ್‌ಗಳ ಬೆನ್ನೇರಿ ಯುದ್ಧಕ್ಕೆ ಹೋಗುವ ತರುಣ ತರುಣಿಯರ ಪ್ರೇಮಕಥೆಗಳು ಬಳ್ಳಾರಿಯ ನಮ್ಮ ಗೆಳತಿಯರ ನಡುವೆ ಕೈಯಿಂದ ಕೈಗೆ ಓಡಾಡುತ್ತಿವೆ. ಅಂಥ ಒಂದು ಇಂಗ್ಲಿಷ್ ಕಾದಂಬರಿಯನ್ನು ನಾನು ನಿದ್ದೆಗೆಟ್ಟು ಓದಿದೆ. ಇಂಗ್ಲಿಷ್ ಓದುವ ರೂಢಿಯಿಲ್ಲದ ನಮ್ಮ ಅತ್ತಿಗೆಗೆ ಅದನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಹಾಗೆ ಹೇಳುವಾಗ ಎದುರಾದ ಪ್ರಶ್ನೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಡ್ರ್ಯಾಗನ್ ಎಂಬುದಕ್ಕೆ ‘ಘಟಸರ್ಪ’ ಎಂಬ ಪದ ಬಳಕೆಯಲ್ಲಿದೆ. ಕನ್ನಡ ಬೈಬಲ್ಲಿನ ಪ್ರಕಟನೆಯ 12ನೆಯ ಅಧ್ಯಾಯದಲ್ಲಿ ಏಳು ತಲೆ, ಹತ್ತು ಕೊಂಬಿನ ಘಟಸರ್ಪ ಬರುತ್ತದೆ. ಆದರೆ ಅಲ್ಲಿ ಅದು ಸೈತಾನನೇ. ಬಸವಣ್ಣನವರ ವಚನದಲ್ಲಿ ಘಟಸರ್ಪವೆಂದರೆ ಕೈಯಿಟ್ಟವರನ್ನು ಕಚ್ಚದೆ ಬಿಡದ, ಸತ್ಯಪರೀಕ್ಷೆಗಾಗಿ ಕೊಡದಲ್ಲಿಟ್ಟ ಹಾವು. ನಾಯಕಿಯ ಮನಸ್ಸಿನ ಮಾತನ್ನು ಕೇಳಿಸಿಕೊಂಡು, ಅವಳ ಅಳುಕನ್ನು ಗದರಿಸಿ ಓಡಿಸುವ ರೆಕ್ಕೆಯ ಜೀವಿಗೆ ಈ ಹೆಸರು ಹೊಂದುವುದಿಲ್ಲ. ‘ಡ್ರ್ಯಾಗನ್’ ಎಂದೇ ಉಳಿಸುವುದು ಸರಿಯೆಂದು ನನ್ನ ಅಭಿಪ್ರಾಯ.

ಏರಿದವರನ್ನು ಏನೆನ್ನಬೇಕು? ‘ಸವಾರ’ ತಟ್ಟನೆ ಬಾಯಿಗೆ ಬರುತ್ತದೆ, ಆದರೆ ಪತ್ರಿಕೆಯ ಅಪಘಾತದ ಸುದ್ದಿಯಲ್ಲಿ ದಿನವೂ ‘ಬೈಕ್ ಸವಾರ’ನನ್ನು ಓದುವವರಿಗೆ ಅದು ವಾಹನವನ್ನು ನೆನಪಿಸುತ್ತದೆ. ‘ತಲಿ ಮ್ಯಾಲೆ ಸವಾರಿ ಮಾಡಬ್ಯಾಡ’ ಎಂಬ ನಮ್ಮ ಮಾತಿನಲ್ಲಂತೂ ಏರಿದವನದೇ ದರ್ಪ. ಈ ಕಥೆಗಳಲ್ಲಿ ಆಗುವುದು ಇದಕ್ಕೆ ತಿರುಗುಮುರುಗು: ಆಯ್ಕೆ ಮಾಡುವುದು ಡ್ರ್ಯಾಗನ್, ಒಪ್ಪಿಗೆಯಾಗದಿದ್ದರೆ ಮನುಷ್ಯ ಹತ್ತಿರವೂ ಸುಳಿಯುವಂತಿಲ್ಲ. ಕುಮಾರವ್ಯಾಸನ ಯುದ್ಧವರ್ಣನೆಗಳಲ್ಲಿ ಬರುವ ‘ರಾವುತ’ ಕುದುರೆಗೆ ಅಂಟಿದ ಪದವಾದರೂ ಅದರಲ್ಲಿ ಯುದ್ಧದ ವಾಸನೆಯಿದೆ, ಬೈಕಿನ ನೆನಪಿಲ್ಲ. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹಂಪಿಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಮುಂಗಾಲೆತ್ತಿ ನಿಂತ ಯಾಳಿಗಳ ಬೆನ್ನ ಮೇಲೆ ಕುಳಿತವರನ್ನು ನೋಡಿದಾಗಲೆಲ್ಲ ನನಗೆ ಹೊಳೆಯುವ ಪದವೂ ‘ರಾವುತ’ವೇ. ಸ್ತ್ರೀಲಿಂಗದಲ್ಲಿ ‘ರಾವುತಿ’ ಎನ್ನಬಹುದೇ? ಅಂಥ ಪ್ರಯೋಗವನ್ನು ಯಾರಾದರೂ ಎಲ್ಲಿಯಾದರೂ ಕಂಡಿದ್ದರೆ ತಿಳಿಸಬೇಕು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಸರ್ವನಾಮ. ಕನ್ನಡದಲ್ಲಿ ಪ್ರಾಣಿ ‘ಅದು’. ಇಂಗ್ಲಿಷ್ ಕಾದಂಬರಿಯಲ್ಲಾದರೋ ಗಂಡು ಡ್ರ್ಯಾಗನ್‌ಗೂ ಹೆಣ್ಣು ಡ್ರ್ಯಾಗನ್‌ಗೂ ಮನುಷ್ಯರಿಗಿರುವ ಸರ್ವನಾಮಗಳೇ ಇವೆ. ಎರಡು ಡ್ರ್ಯಾಗನ್‌ಗಳು ಪರಸ್ಪರ ಒಲಿದು ಜೋಡಿಯಾದ ಕಾರಣಕ್ಕೇ ಅವುಗಳ ಬೆನ್ನೇರಿದ ಹುಡುಗ ಹುಡುಗಿ, ಒಬ್ಬರ ಮುಖ ಇನ್ನೊಬ್ಬರಿಗೆ ಆಗದಿದ್ದಾಗಲೂ, ಅಗಲಿ ಇರಲಾರದಂತಾಗುವ ಭಾಗ ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದುದು. ‘ಅದು ಅದನ್ನು ಕೂಗಿತು’ ಎಂದು ಹೇಳಿದರೆ ಕೂಗಿದವರಾರು, ಓಗೊಟ್ಟವರಾರು ಎಂಬುದೂ ತಿಳಿಯದು, ಒಲವೂ ಉಳಿಯದು. ಅತ್ತಿಗೆಯೇ ನಡುವೆ ತಡೆದು, “ಅದು ಅನಬ್ಯಾಡವಾ, ಅಷ್ಟು ತಿಳದಾಂವಗ ಅಂವಾ ಅನ್ನು” ಎಂದರು. ಗೋವಿನ ಹಾಡಿನಲ್ಲಿಯೂ ಹುಲಿ ‘ವ್ಯಾಘ್ರನು’ ಆಗಿಯೇ ಬರುತ್ತದೆ. ಮಾತನಾಡುವ ಪ್ರಾಣಿಗೆ ಮನುಷ್ಯಲಿಂಗ ಸಲ್ಲುವುದು ನಮಗೆ ಹೊಸತೇನಲ್ಲ ಎಂದು ಇದರಿಂದ ಧೈರ್ಯ ಬಂದಿದೆ.

ಆದರೂ ಸಂಬೋಧನೆ ಇತ್ಯರ್ಥವಾಗಿಲ್ಲ. ನೂರಾರು ವರ್ಷ ಬಾಳಿದ ಡ್ರ್ಯಾಗನ್ ಹುಡುಗಿಯನ್ನು ‘ನೀನು’ ಎನ್ನುವುದು ಸಹಜ. ಹುಡುಗಿ ಮರುನುಡಿಯುವಾಗ ಹಿರಿಯರಿಗೆ ಹೇಳುವಂತೆ ‘ನೀವು’ ಎಂದರೆ ಮನಸ್ಸಿನೊಳಗಿನ ಸಲಿಗೆ ಕೆಡುತ್ತದೆ. ದೇವರನ್ನೂ ತಾಯಿಯನ್ನೂ ನಾವು ಏಕವಚನದಲ್ಲೇ ಕರೆಯುವುದರಿಂದ ‘ನೀನು’ ಎಂಬುದನ್ನೇ ಇಟ್ಟುಕೊಂಡಿದ್ದೇನೆ, ಮೊದಲ ಭೇಟಿಯ ಮಾತುಗಳಲ್ಲಿ ಮಾತ್ರ ‘ನೀವು’ ಎಂದಿದ್ದೇನೆ. ಈ ಬದಲಾವಣೆ ಕೇಳುವವರಿಗೆ ಕೃತಕವೆನಿಸುತ್ತದೆಯೇ?

ಮಾನ್ವಿ, ಸಿಂಧನೂರು, ಕುಷ್ಟಗಿ ಕಡೆಯವರಲ್ಲಿ ಇನ್ನೊಂದು ವಿನಂತಿ. ಮನೆಯಲ್ಲಿ ಸಾಕಿದ ಎತ್ತು, ಹೋರಿಗಳನ್ನು ಕುರಿತು ಮಾತನಾಡುವಾಗ ತಮ್ಮ ಹಿರಿಯರು ‘ಅಂವ ಬಂದ’ ಎನ್ನುತ್ತಾರೆಯೇ, ‘ಅದು ಬಂತು’ ಎನ್ನುತ್ತಾರೆಯೇ, ಅಥವಾ ಪ್ರೀತಿ, ಸಿಟ್ಟುಗಳಿಗೆ ತಕ್ಕಂತೆ ಎರಡನ್ನೂ ಬಳಸುತ್ತಾರೆಯೇ ಎಂಬುದನ್ನು ಒಂದೆರಡು ವಾಕ್ಯಗಳ ಉದಾಹರಣೆಯೊಂದಿಗೆ ಬರೆದು ತಿಳಿಸಬೇಕು.