ಪ್ಯಾನೆಲ್ ಪರೀಕ್ಷೆಯ ದೀಪಗಳಿಂದ ಕೋಣೆ ಎಷ್ಟು ಕಾಯುತ್ತದೆ?

ಪ್ರಶ್ನೆ (ಮಂಡ್ಯ):
ಸೋಲಾರ್ ಪ್ಯಾನೆಲ್ ರಿಪೇರಿ ಮಾಡುವ ನಮ್ಮ ಅಂಗಡಿಯ ಹಿಂಬದಿಯಲ್ಲಿ ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಿದೆ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದಾಗ ಅಲ್ಲಿ 500 ವ್ಯಾಟಿನ ಎಂಟು ಹ್ಯಾಲೊಜೆನ್ ದೀಪಗಳನ್ನು ಅರ್ಧ ಗಂಟೆ ಉರಿಸಿ ಪರೀಕ್ಷೆ ನಡೆಸಬೇಕೆಂದಿದ್ದೇವೆ. ಬೆಳಕಾಗುವ ಭಾಗವನ್ನೂ ಪ್ಯಾನೆಲ್ ವಿದ್ಯುತ್ತಾಗಿಸುವ ಭಾಗವನ್ನೂ ಕಳೆದು ಶಾಖದ ಲೆಕ್ಕ ಹಾಕಬೇಕೆ? ಎಷ್ಟು ಟನ್ನಿನ ಎಸಿ ಬೇಕಾದೀತು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರು, ಪ್ರಯೋಗಾಲಯದ ಕೆಲಸ):
ಏನನ್ನೂ ಕಳೆಯಬೇಡಿ. ಬೆಳಕು ಗೋಡೆಗೋ ಪ್ಯಾನೆಲ್ಲಿಗೋ ಬಿದ್ದು ಶಾಖವಾಗುತ್ತದೆ. ಪ್ಯಾನೆಲ್ ಕೊಡುವ ವಿದ್ಯುತ್ತು ಕೂಡ, ನೀವು ಜೋಡಿಸಿದ ಲೋಡ್ (ಆ ವಿದ್ಯುತ್ತನ್ನು ಬಳಸುವ ಉಪಕರಣ) ಅದೇ ಕೋಣೆಯಲ್ಲಿದ್ದರೆ, ಅಲ್ಲಿಯೇ ಶಾಖವಾಗಿ ಮುಗಿಯುತ್ತದೆ. ಆದ್ದರಿಂದ ನಿಮ್ಮ ಲೆಕ್ಕ ನೇರವಾಗಿ 4 ಕಿಲೋವ್ಯಾಟ್, ಅರ್ಧ ಗಂಟೆಗೆ ಎರಡು ಯೂನಿಟ್. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಆಗುವುದರಿಂದ ದೀಪಗಳಿಗೇ 1.15 ಟನ್ನಿನಷ್ಟು ಬೇಕು. ಮೇಲ್ಛಾವಣಿಯ ಕಾವು ಮತ್ತು ಒಳಗಿರುವವರ ಶಾಖ ಅದರ ಮೇಲೆ ಸೇರುತ್ತದೆ. ಕೋಣೆಯ ಗಾಳಿಯ ತೂಕ 37 ಕಿಲೋದ ಆಸುಪಾಸು ಇರುವುದರಿಂದ, ಶಾಖವೆಲ್ಲ ಗಾಳಿಯಲ್ಲೇ ಉಳಿದರೆ ತಾಪಮಾನ ನಿಮಿಷಕ್ಕೆ ಆರು ಡಿಗ್ರಿಯಂತೆ ಏರಬೇಕು. ಗೋಡೆ, ನೆಲ, ಮೇಜುಗಳು ಅದರಲ್ಲಿ ಬಹುಪಾಲನ್ನು ಹೀರಿಕೊಳ್ಳುವುದರಿಂದ ಹಾಗಾಗುವುದಿಲ್ಲ, ಆದರೆ ಹೀರಿಕೊಂಡದ್ದನ್ನು ಅವು ದೀಪ ಆರಿದ ಮೇಲೂ ಬಿಡುತ್ತಲೇ ಇರುತ್ತವೆ. ಒಂದರ ಹಿಂದೊಂದು ಪರೀಕ್ಷೆ ಮಾಡುವವರಿಗೆ ನಿಜವಾದ ತೊಂದರೆ ಇದೇ.

ಉತ್ತರ (ಮಂಡ್ಯ, ಎಸಿ ಕೆಲಸ):
ಮಳೆಗಾಲಕ್ಕೆ ಮಾತ್ರವಾದರೆ ನಾನು ಎಸಿಗಿಂತ ಎಕ್ಸಾಸ್ಟ್ ಫ್ಯಾನನ್ನೇ ಹೇಳುತ್ತೇನೆ. ಒಳಗಿನ ಗಾಳಿ ಹೊರಗಿನದಕ್ಕಿಂತ ಹತ್ತು ಡಿಗ್ರಿಗಿಂತ ಹೆಚ್ಚು ಏರದಿರಲು ಗಂಟೆಗೆ 1,350 ಘನ ಮೀಟರ್ ಗಾಳಿ ಸಾಗಬೇಕು. ಎದುರು ಗೋಡೆಯ ಕೆಳಭಾಗದಲ್ಲಿ ಗಾಳಿ ಒಳಬರಲು ದಾರಿ ಬಿಡದೆ ಬಾಗಿಲು ಮುಚ್ಚಿಕೊಂಡರೆ ಯಾವ ಫ್ಯಾನೂ ಅಷ್ಟು ಎಳೆಯಲಾರದು.

ಉತ್ತರ (ಮೈಸೂರು, ಸೋಲಾರ್ ಅಳವಡಿಕೆ):
ಕೋಣೆ ತಣ್ಣಗಿದ್ದರೂ ಪ್ಯಾನೆಲ್ ತಣ್ಣಗಿರುವುದಿಲ್ಲ ಎಂಬುದನ್ನು ಸೇರಿಸಬೇಕು. ಹ್ಯಾಲೊಜೆನ್ ದೀಪದ ಶಕ್ತಿಯಲ್ಲಿ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ನೇರವಾಗಿ ಪ್ಯಾನೆಲ್ಲಿಗೆ ಬಡಿಯುತ್ತದೆ. ಪ್ಯಾನೆಲ್ಲಿನ ಹಿಂದೆ ಬರೆದಿರುವ ವ್ಯಾಟ್, ಕೋಶಗಳು 25 ಡಿಗ್ರಿಯಲ್ಲಿದ್ದು ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬಿದ್ದಾಗಿನದು. ಸಿಲಿಕಾನ್ ಪ್ಯಾನೆಲ್ ಡಿಗ್ರಿಗೆ ಸುಮಾರು ಶೇ. 0.4ರಂತೆ ಕಳೆದುಕೊಳ್ಳುತ್ತದೆ, ಅಂದರೆ 55 ಡಿಗ್ರಿಯಲ್ಲಿ ಶೇ. 12 ಕಡಿಮೆ. ಆದ್ದರಿಂದ ಹಿಂಬದಿಗೆ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಅಂಟಿಸಿ, ಒಂದು ಪೆಡೆಸ್ಟಲ್ ಫ್ಯಾನ್ ತಿರುಗಿಸಿಡಿ. ಕಾರ್ಖಾನೆಗಳಲ್ಲಿ ಮಿಲಿಸೆಕೆಂಡುಗಳ ಮಿಂಚಿನಂಥ ಬೆಳಕಿನಲ್ಲೇ ಅಳೆದು ಮುಗಿಸುವುದಕ್ಕೆ ಈ ಕಾವೂ ಒಂದು ಕಾರಣ. ಬಿಸಿಲು ಬಂದ ದಿನ ಅಂಗಳದಲ್ಲೇ ಪರೀಕ್ಷಿಸುವುದು ಎಲ್ಲಕ್ಕಿಂತ ಲೇಸು, ಕರೆಂಟ್ ಬಿಲ್ಲೂ ಉಳಿಯುತ್ತದೆ.

ಮತ್ತೊಂದು ಮಾತು: ವೋಲ್ಟೇಜ್ 230ರಿಂದ 210ಕ್ಕೆ ಇಳಿದರೆ ದೀಪದ ಶಾಖ ಏಳರಲ್ಲೊಂದು ಪಾಲು, ಬೆಳಕು ನಾಲ್ಕರಲ್ಲೊಂದು ಪಾಲು ಇಳಿಯುತ್ತದೆ, ಹಾಗಾಗಿ ದೀಪದ ಮೇಲಿನ ಸಂಖ್ಯೆಯನ್ನು ನಂಬದೆ, ಉಳಿದದ್ದೆಲ್ಲವನ್ನೂ ಆರಿಸಿ ಮೀಟರ್ ಓದಿಕೊಳ್ಳಿ. ಎಂಟೂ ದೀಪ ಸೇರಿ 17 ಆಂಪಿಯರ್ ದಾಟುವುದರಿಂದ ಒಂದೇ 16 ಆಂಪಿಯರ್ ಸಾಕೆಟ್ಟಿಗೆ ಹಾಕದೆ ಎರಡು ಲೈನಿಗೆ ಹಂಚಿ.