ಸ್ಥಳೀಯ ಚಾನೆಲ್‌ಗಳ ಸಿಗ್ನಲ್ ಹೆಬ್ರಿಯಲ್ಲಿ ಆಂಟೆನಾಕ್ಕೆ ಸಿಗುತ್ತದೆಯೇ?

ಪ್ರಶ್ನೆ – ಹೆಬ್ರಿಯಿಂದ

ನಮಸ್ಕಾರ. ಮಂಗಳೂರಿನ ಬಾಡಿಗೆ ಮನೆಯನ್ನು ಬಿಟ್ಟು ಹೆಬ್ರಿ ಸಮೀಪದ ಹಿರಿಯರ ಮನೆಗೆ ಬಂದು ನೆಲೆಸಿದ್ದೇವೆ. ಪೇಟೆಯಲ್ಲಿದ್ದಾಗ ಕೇಬಲ್‌ನಲ್ಲಿ ನಮ್ಮ ಕುಡ್ಲ, ದಾಯ್ಜಿವರ್ಲ್ಡ್ ಚಾನೆಲ್‌ಗಳು ಬರುತ್ತಿದ್ದವು. ಯಕ್ಷಗಾನ, ಕಂಬಳ, ಕುದ್ರೋಳಿಯ ದಸರಾ ಮೆರವಣಿಗೆಗಳ ನೇರ ಪ್ರಸಾರವನ್ನು ಅಮ್ಮ ತಪ್ಪದೆ ನೋಡುತ್ತಿದ್ದರು. ಇಲ್ಲಿ ಹಾಕಿಸಿರುವ ಡಿಟಿಎಚ್‌ನಲ್ಲಿ ಅವು ಯಾವುವೂ ಇಲ್ಲ. ಮನೆಯ ಮೇಲೆ ಎತ್ತರದ ಕಂಬ ನಿಲ್ಲಿಸಿ ಆಂಟೆನಾ ಕಟ್ಟಿದರೆ ಮಂಗಳೂರು ಅಥವಾ ಉಡುಪಿಯ ಸಿಗ್ನಲ್ ಸಿಗಬಹುದೇ, ಇಲ್ಲವೇ ಆಗುಂಬೆ ಘಾಟಿಯ ಬುಡದಲ್ಲಿರುವ ನಮಗೆ ಗುಡ್ಡಗಳೇ ಅಡ್ಡಿಯಾಗುತ್ತವೆಯೇ? ಜೋರು ಮಳೆ ಬಂದೊಡನೆ ಡಿಟಿಎಚ್ ಚಿತ್ರವೂ ನಿಂತುಹೋಗುತ್ತದೆ. ಅದಕ್ಕೂ ಪರಿಹಾರವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ – ಮಣಿಪಾಲದಿಂದ

ಗುಡ್ಡಗಳಿಲ್ಲದಿದ್ದರೂ ಸಿಗುವುದಿಲ್ಲ, ಏಕೆಂದರೆ ಆ ಚಾನೆಲ್‌ಗಳು ಗೋಪುರದಿಂದ ಪ್ರಸಾರವಾಗುವುದೇ ಇಲ್ಲ. ನಮ್ಮ ದೇಶದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್‌ನಿಂದ ಟಿವಿ ಪ್ರಸಾರ ಮಾಡುವ ಅವಕಾಶ ಇರುವುದು ಪ್ರಸಾರ ಭಾರತಿಗೆ, ಅಂದರೆ ದೂರದರ್ಶನಕ್ಕೆ ಮಾತ್ರ. ಸ್ಥಳೀಯ ಚಾನೆಲ್ ತನ್ನ ಸ್ಟುಡಿಯೋದಿಂದ ಕೇಬಲ್‌ನವರ ಕಂಟ್ರೋಲ್ ರೂಮಿಗೆ ಹೋಗಿ, ಅಲ್ಲಿಂದ ಫೈಬರ್ ಮೂಲಕ ಊರೂರಿಗೆ ಹರಡುತ್ತದೆ. ಆ ಲೈನ್ ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿಗೆ ಚಾನೆಲ್‌ನ ವ್ಯಾಪ್ತಿಯೂ ಮುಗಿಯುತ್ತದೆ. ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್‌ಗಳಲ್ಲಿಯೂ ಕೆಲವೇ ಆಯಕಟ್ಟಿನ ಸ್ಥಳಗಳಲ್ಲಿರುವವನ್ನು ಬಿಟ್ಟು ಉಳಿದವು 2022ರ ಹೊತ್ತಿಗೆ ಮುಚ್ಚಿಹೋದವು. ಆಂಟೆನಾಕ್ಕೆ ಸಿಗುವ ಡಿಜಿಟಲ್ ಪ್ರಸಾರ 2016ರಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ದೊಡ್ಡ ನಗರಗಳಲ್ಲಿ ಆರಂಭವಾಯಿತೇ ಹೊರತು ಕರಾವಳಿಗೆ ಬರಲಿಲ್ಲ. ಕಂಬಕ್ಕೆ ಹಣ ಹಾಕಬೇಡಿ.

ಮಳೆಯ ವಿಷಯ ಬೇರೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಎಂಬ ರೇಡಿಯೋ ತರಂಗಗಳ ಶ್ರೇಣಿಯ ತರಂಗಾಂತರ ಸುಮಾರು 2.5 ಸೆಂಟಿಮೀಟರ್ ಮಾತ್ರ ಇರುವುದರಿಂದ ದಪ್ಪ ಹನಿಗಳ ಮಳೆ ಅದನ್ನು ಹೀರಿಕೊಂಡು ಚದುರಿಸುತ್ತದೆ. ಕೇಬಲ್ ಕಂಟ್ರೋಲ್ ರೂಮಿನ ದೊಡ್ಡ ಡಿಶ್‌ಗಳು ಸಾಮಾನ್ಯವಾಗಿ ಸಿ ಬ್ಯಾಂಡ್ ಎಂಬ ಇನ್ನೊಂದು ಶ್ರೇಣಿಯವು; ಅದರ ತರಂಗಾಂತರ ಏಳು ಸೆಂಟಿಮೀಟರಿಗಿಂತ ಹೆಚ್ಚಿರುವುದರಿಂದ ನಮ್ಮ ಆಷಾಢದ ಮಳೆಯೂ ಅದನ್ನು ಅಷ್ಟಾಗಿ ಕುಗ್ಗಿಸದು. ಡಿಶ್‌ನ ದಿಕ್ಕು ಅಲ್ಪಸ್ವಲ್ಪ ತಪ್ಪಿದ್ದರೂ ಬಿಸಿಲಿನ ದಿನಗಳಲ್ಲಿ ಚಿತ್ರ ಬರುತ್ತಲೇ ಇರುತ್ತದೆ, ಮಳೆಗಾಲದಲ್ಲಿ ಮಾತ್ರ ಆ ಕೊರತೆ ಬಯಲಾಗುತ್ತದೆ. ಆದ್ದರಿಂದ ಮೊದಲು ದಿಕ್ಕನ್ನು ಸರಿಪಡಿಸಿ. 60 ಸೆಂಟಿಮೀಟರ್ ಡಿಶ್ ಬದಲು 90 ಸೆಂಟಿಮೀಟರಿನದನ್ನು ಹಾಕಿದರೆ ಸಿಗ್ನಲ್ ಹಿಡಿಯುವ ವಿಸ್ತೀರ್ಣ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಆದರೂ ಮುಸಲಧಾರೆ ಸುರಿಯುವಾಗ ಚಿತ್ರ ನಿಲ್ಲುವುದನ್ನು ಪೂರ್ತಿ ತಪ್ಪಿಸಲಾಗದು.

ಉತ್ತರ – ಕಾರ್ಕಳದಿಂದ

ಮಣಿಪಾಲದವರು ಬರೆದದ್ದು ಸರಿಯಾಗಿದೆ. ಕೇಬಲ್ ಕೆಲಸದಲ್ಲಿರುವವನಾಗಿ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಊರಿನ ಆಪರೇಟರ್ ಯಾವ ಕಂಟ್ರೋಲ್ ರೂಮಿನಿಂದ ಲೈನ್ ಪಡೆದಿದ್ದಾರೆ ಎಂದು ಮೊದಲು ಕೇಳಿ, ಏಕೆಂದರೆ ಒಂದು ಜಾಲದಲ್ಲಿರುವ ಸ್ಥಳೀಯ ಚಾನೆಲ್ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. ಮಳೆ ಕೇಬಲ್ ಸಿಗ್ನಲನ್ನು ಕೆಡಿಸದಿದ್ದರೂ ಗಾಳಿಗೆ ಮರ ಬಿದ್ದರೆ ಫೈಬರ್ ತುಂಡಾಗುತ್ತದೆ, ದಾರಿಯ ನೋಡ್‌ಗೆ, ಅಂದರೆ ಫೈಬರ್‌ನ ಸಿಗ್ನಲನ್ನು ಮನೆಗಳ ಕೇಬಲ್‌ಗೆ ಹಂಚುವ ಪೆಟ್ಟಿಗೆಗೆ, ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದರೆ ನಿಮ್ಮ ಮನೆಯಲ್ಲಿ ಕರೆಂಟ್ ಇದ್ದರೂ ಚಿತ್ರ ಬರುವುದಿಲ್ಲ.

ಉತ್ತರ – ಕುಂದಾಪುರದಿಂದ

ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಬರುತ್ತದೆ, ಸ್ಥಳೀಯ ಚಾನೆಲ್‌ಗಳು ಬರುವುದಿಲ್ಲ. ಅದರ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಕರಾವಳಿಯಿಂದ ಆಗ್ನೇಯಕ್ಕೆ, ದಿಗಂತದಿಂದ 60 ಡಿಗ್ರಿಗೂ ಮೇಲೆ ನೋಡಬೇಕಾದುದರಿಂದ ಘಾಟಿ ಅಡ್ಡ ಬರದು, ಅಂಗಳದ ತೆಂಗಿನ ಮರ ಬರಬಹುದು.

ನನ್ನ ಕಳಕಳಿ ಬೇರೆಯದು. ಹೊಳೆ ಉಕ್ಕಿ ರಸ್ತೆ ಮುಚ್ಚಿದೆಯೇ, ನಾಳೆ ಶಾಲೆಗೆ ರಜೆಯೇ ಎಂಬುದನ್ನು ಬೆಂಗಳೂರಿನ ಚಾನೆಲ್‌ಗಳಿಗಿಂತ ಮೊದಲು ತಿಳಿಸುವುದು ಈ ಸ್ಥಳೀಯ ಚಾನೆಲ್‌ಗಳೇ. ಆ ಸುದ್ದಿ ತೀರಾ ಅಗತ್ಯವಿರುವ ಘಾಟಿಯ ಬುಡದ ಒಂಟಿ ಮನೆಗಳಿಗೇ ಲೈನ್ ತಲುಪುವುದಿಲ್ಲ, ಏಕೆಂದರೆ ನಾಲ್ಕು ಮನೆಗಳಿಗಾಗಿ ಕಾಡಿನ ಹಾದಿಯಲ್ಲಿ ಫೈಬರ್ ಎಳೆಯುವುದು ಆಪರೇಟರಿಗೆ ಗಿಟ್ಟುವುದಿಲ್ಲ. ಅದೇ ಫೈಬರ್‌ನಲ್ಲಿ ಇಂಟರ್‌ನೆಟ್ಟನ್ನೂ ಕೊಡಬಹುದಾದುದರಿಂದ, ಎರಡನ್ನೂ ಪಡೆಯಲು ಒಪ್ಪುವ ನೆರೆಮನೆಯವರನ್ನು ಕೂಡಿಸಿಕೊಂಡು ಒಟ್ಟಾಗಿ ಕೇಳಿ ನೋಡಿ. ಇಂಟರ್‌ನೆಟ್ ಒಂದು ಬಂದರೂ ಸಾಕು, ಹಲವು ನೇರ ಪ್ರಸಾರಗಳನ್ನು ಯೂಟ್ಯೂಬ್‌ನಲ್ಲಿ ಅಮ್ಮನವರಿಗೆ ತೋರಿಸಬಹುದು.