ಬೈ-ಟು ಕಾಫಿ, ಬೈಬ್ಯಾಕ್ ಷೇರು

"ಹದಿನಾಲ್ಕು ಪರ್ಸೆಂಟ್!" ಎಂದು ಸೀನು ಮೊಬೈಲನ್ನು ನಮ್ಮ ಮೂಗಿನ ಮುಂದೆ ಹಿಡಿದ. ದರ್ಶಿನಿಯ ಟೇಬಲ್ಲು ಅಲುಗಿತು. ನನ್ನ ಇಡ್ಲಿಗೆ ಸಾಂಬಾರು ತಾನಾಗಿಯೇ ಬಿತ್ತು.

ಸೀನು ನ್ಯೂಜೆರ್ಸಿಯಲ್ಲಿ ಹನ್ನೆರಡು ವರ್ಷ ಇದ್ದು ಬಂದವನು. ಅವನು ಜಯನಗರಕ್ಕೆ ಬಂದರೂ ಅವನ ದುಡ್ಡು ಇನ್ನೂ ಅಮೆರಿಕದಲ್ಲೇ ಓಡಾಡುತ್ತದೆ. ಈಗ ಯಾವುದೋ ಅಂಗಡಿ ಕಂಪನಿಯ ಷೇರಿನ ಮೇಲೆ ಕಣ್ಣು ಹಾಕಿದ್ದಾನೆ. ಆ ಕಂಪನಿ ಒಂದು ವರ್ಷದಲ್ಲಿ ತನ್ನ ಮಾರುಕಟ್ಟೆ ಬೆಲೆಯ, ಅಂದರೆ ಎಲ್ಲ ಷೇರುಗಳ ಒಟ್ಟು ಬೆಲೆಯ, 14%ರಷ್ಟು ದುಡ್ಡು ಹಾಕಿ ತನ್ನದೇ ಷೇರು ಬೈಬ್ಯಾಕ್ ಮಾಡಿದೆಯಂತೆ.

"ಬೈಬ್ಯಾಕ್ ಅಂದರೆ ತಿರುಗಿಸಿ ಬೈಯುವುದಾ?" ಎಂದರು ದಿನಸಿ ಅಂಗಡಿಯ ನಾಗಣ್ಣ. "ನಮ್ಮ ಮನೆಯಲ್ಲಿ ದಿನಾ ನಡೆಯುತ್ತದೆ. ಪರ್ಸೆಂಟ್ ಲೆಕ್ಕ ಇಟ್ಟಿಲ್ಲ, ಅಷ್ಟೆ."

ಆಡಿಟರ್ ಆಫೀಸಿನ ಪದ್ಮಕ್ಕ ವಡೆ ಮುರಿಯುತ್ತಾ ಹೇಳಿದರು: "ನೀವೂ ಸೀನುವೂ ಬೈ-ಟು ಹೇಳಿದ್ದೀರಲ್ಲ ನಾಗಣ್ಣ? ಒಂದು ಕಾಫಿ, ಇಬ್ಬರು. ಸೀನುವನ್ನು ಕಳಿಸಿಬಿಟ್ಟರೆ ಪೂರ್ತಿ ಲೋಟ ನಿಮ್ಮದು. ಅದೇ ಬೈಬ್ಯಾಕ್. ಷೇರು ಕಡಿಮೆಯಾಯಿತು, ಉಳಿದವರ ಪಾಲು ದೊಡ್ಡದಾಯಿತು."

"ಅವನು ಸುಮ್ನೆ ಹೋಗುತ್ತಾನಾ?"

"ಹೋಗಲ್ಲ. ದುಡ್ಡು ಕೊಡಬೇಕು. ಕಂಪನಿ ಅದನ್ನು ಗಲ್ಲಾಪೆಟ್ಟಿಗೆಯಿಂದಲೇ ತೆಗೆಯಬೇಕು. ಅಂದರೆ ಲೋಟದ ಕಾಫಿಯನ್ನೇ ಒಂದಿಷ್ಟು ಬಗ್ಗಿಸಿ ಅವನಿಗೆ ಕೊಟ್ಟು ಕಳಿಸಿದ ಹಾಗೆ. ಎಷ್ಟು ಬಗ್ಗಿಸಿದಿರಿ ಅನ್ನುವುದೇ ಪ್ರಶ್ನೆ."

ನಾಗಣ್ಣ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡರು.

ನನಗೆ ಅನುಮಾನ ಬಂತು. 2025ರಲ್ಲಿ ಇನ್ಫೋಸಿಸ್ ಬೈಬ್ಯಾಕ್ ಆದಾಗ 11ಕ್ಕೆ 2 ಅಂತ ಏನೋ ಲೆಕ್ಕ ಇತ್ತಲ್ಲ, ಇದೂ ಅದೇನಾ?

"ಅದು ಬೇರೆ ಅನುಪಾತ," ಎಂದರು ಪದ್ಮಕ್ಕ. "ಸಣ್ಣ ಹೂಡಿಕೆದಾರರು 11 ಷೇರು ಇಟ್ಟುಕೊಂಡಿದ್ದರೆ 2 ಖಂಡಿತ ಮಾರಬಹುದು ಎಂಬ ಹಕ್ಕು. ಕಂಪನಿ ಒಟ್ಟು ಕೊಂಡದ್ದು ತನ್ನ ಷೇರುಗಳಲ್ಲಿ 2.41% ಅಷ್ಟೆ. 18,000 ಕೋಟಿ ರೂಪಾಯಿ ಬೇಕಾಯಿತು ಅದಕ್ಕೆ."

"ನೋಡಿ, 2.41 ಎಲ್ಲಿ, 14 ಎಲ್ಲಿ!" ಸೀನು ಎದೆ ಉಬ್ಬಿಸಿದ. ತಾನೇ ಕೊಂಡ ಹಾಗೆ.

"ಲೋ ಸೀನು, ನೀನಿದ್ದ ಊರಿನ ಬೆಡ್ ಬಾತ್ ಅಂಡ್ ಬಿಯಾಂಡ್ ಅಂಗಡಿ ನೆನಪಿದೆಯಾ?"

ಸೀನುವಿನ ಮುಖ ಅರಳಿತು. "ಆ ನೀಲಿ ಕೂಪನ್ನು! 20% ರಿಯಾಯಿತಿ! ಅವಧಿ ಮುಗಿದಿದ್ದರೂ ತೆಗೆದುಕೊಳ್ಳುತ್ತಿದ್ದರು ಪದ್ಮಕ್ಕ. ನಮ್ಮನೆ ಟವೆಲ್ಲು, ಪರದೆ, ಬಾಣಲೆ ಎಲ್ಲ ಅಲ್ಲಿಯದೇ. ಅಲ್ಲಿ ಪೂರ್ತಿ ಬೆಲೆ ಕೊಟ್ಟವರನ್ನು ನಾನಂತೂ ಕಂಡಿಲ್ಲ."

"ಒಬ್ಬರಿದ್ದರು. ಆ ಕಂಪನಿಯೇ. ಗಿರಾಕಿಗೆ 20% ಕಡಿತ, ತನ್ನ ಷೇರು ಕೊಳ್ಳುವಾಗ ಮಾತ್ರ ಪೂರ್ತಿ ಬೆಲೆ. 2004ರಿಂದ ಶುರು ಮಾಡಿ 1,100 ಕೋಟಿ ಡಾಲರಿಗೂ ಜಾಸ್ತಿ ಸುರಿದರು. 2014ರಲ್ಲಿ 150 ಕೋಟಿ ಡಾಲರ್ ಸಾಲ ಎತ್ತಿ, ಅದರಲ್ಲಿ ಬಹುಪಾಲು ಷೇರಿಗೇ ಹಾಕಿದರು. ಆ ಹೊತ್ತಿಗೆ ಜನ ಟವೆಲ್ಲನ್ನೂ ಅಮೆಜಾನ್‌ನಲ್ಲಿ ಕೊಳ್ಳುತ್ತಿದ್ದರು. 2015ರ ಶುರುವಿನಲ್ಲಿ 80 ಡಾಲರ್ ಹತ್ತಿರ ಇದ್ದ ಷೇರು, 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕುವಾಗ ಒಂದು ಡಾಲರೂ ಬಾಳುತ್ತಿರಲಿಲ್ಲ. ಕೊನೆಗೆ ಹೆಸರು, ವೆಬ್‌ಸೈಟು ಸೇರಿಸಿ ಆನ್‌ಲೈನ್ ಅಂಗಡಿ ಓವರ್‌ಸ್ಟಾಕ್‌ಗೆ ಮಾರಿದ್ದು 2.15 ಕೋಟಿ ಡಾಲರಿಗೆ."

"ಷೇರಿಗೆ 1,100 ಕೋಟಿ, ಹೆಸರಿಗೆ ಎರಡು ಕೋಟಿ ಚಿಲ್ಲರೆ," ಎಂದರು ನಾಗಣ್ಣ. "ಅದಕ್ಕೇ ಇವಕ್ಕೆ ಚಿಲ್ಲರೆ ವ್ಯಾಪಾರ ಅನ್ನುವುದು."

ಸೀನು ಸೋಲಲಿಲ್ಲ. "ಹಾಗಾದರೆ ಆಟೋಝೋನ್? ಕಾರಿನ ಬಿಡಿಭಾಗದ ಅಂಗಡಿ. 1998ರಿಂದ 15 ಕೋಟಿಗೂ ಜಾಸ್ತಿ ಷೇರು ವಾಪಸ್ ಕೊಂಡಿದ್ದಾರೆ. ಈಗ ಉಳಿದಿರುವುದು ಎರಡು ಕೋಟಿಯೂ ಇಲ್ಲ. ಅವರೂ ಸಾಲ ಮಾಡುತ್ತಾರೆ. ಒಂದೊಂದು ಷೇರು ಸಾವಿರಾರು ಡಾಲರ್!"

"ಮಾಡುತ್ತಾರೆ, ನಿಜ. ಆದರೆ ಬೆಳಿಗ್ಗೆ ಕಾರಿನ ಬ್ಯಾಟರಿ ಕೈಕೊಟ್ಟವನು ಪಾರ್ಸೆಲ್ ಕಾಯುತ್ತಾ ಕೂರುತ್ತಾನಾ? ಅಂಗಡಿಗೇ ಓಡುತ್ತಾನೆ. ಷೇರು ಕರಗುತ್ತಿದ್ದಾಗಲೂ ಅಂಗಡಿಗಳು ಹೆಚ್ಚುತ್ತಲೇ ಇದ್ದವು, 7,000 ದಾಟಿವೆ. ಲೋಟ ತುಂಬುತ್ತಲೇ ಇದೆ, ಕುಡಿಯುವವರು ಕಡಿಮೆಯಾಗುತ್ತಿದ್ದಾರೆ."

ಪದ್ಮಕ್ಕ ಕೈ ತೊಳೆದು ಬಂದು ಟಿಶ್ಯೂ ಮೇಲೆ ಪೆನ್ನು ಆಡಿಸಿದರು. ಕಂಪನಿಯ ಲಾಭ 100 ರೂಪಾಯಿ, ಷೇರು 10. ಷೇರಿಗೆ 10 ರೂಪಾಯಿ. ಮುಂದಿನ ವರ್ಷ ಲಾಭ 90ಕ್ಕೆ ಇಳಿಯಿತು, ಷೇರನ್ನೂ 8ಕ್ಕೆ ಇಳಿಸಿದರು, ಷೇರಿಗೆ 11.25. ವ್ಯಾಪಾರ ಬಿದ್ದಿದೆ, ಷೇರಿನ ಗಳಿಕೆ ಎದ್ದಿದೆ. (ಇದನ್ನು ಕಂಡುಹಿಡಿದವನಿಗೆ ನಮ್ಮ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಲೆಕ್ಕ ಒಪ್ಪಿಸಬೇಕು ಎನಿಸಿತು ನನಗೆ.)

"ಇನ್ನೊಂದು. 100 ರೂಪಾಯಿ ಬಾಳುವ ಕಂಪನಿ 10 ರೂಪಾಯಿಯ ಷೇರು ಕೊಂಡರೆ ಅನುಪಾತ 10%. ಆಮೇಲೆ ಕಂಪನಿಯ ಬೆಲೆ 50ಕ್ಕೆ ಬಿತ್ತು ಅಂದುಕೋ. ಅದೇ 10 ರೂಪಾಯಿ ಈಗ 20% ಆಗಿ ಕಾಣುತ್ತದೆ."

"ನನ್ನ ತಕ್ಕಡಿಯಲ್ಲಿ ಹೀಗೆ ತೂಗಿದರೆ ತೂಕ-ಅಳತೆಯವರು ಬಂದು ಬೀಗ ಹಾಕುತ್ತಾರೆ," ಎಂದ ನಾಗಣ್ಣ ಸೀನುವಿನತ್ತ ತಿರುಗಿದರು. "ನಿನ್ನ ಕಂಪನಿಯ ಹಳೇ ಅಂಗಡಿಗಳಲ್ಲಿ ಹೋದ ವರ್ಷಕ್ಕಿಂತ ವ್ಯಾಪಾರ ಜಾಸ್ತಿಯಾ? ಹೊಸ ಅಂಗಡಿ ತೆರೆದು ತೋರಿಸುವುದು ಬೇಡ."

"ನೋಡಿಲ್ಲ."

"ಬಾಡಿಗೆ ಕರಾರು ಎಷ್ಟು ವರ್ಷಕ್ಕೆ? ಅದೂ ಸಾಲವೇ. ಅಂಗಡಿ ರಿಪೇರಿ, ಬಡ್ಡಿ ಕಳೆದು ಕೈಯಲ್ಲಿ ಉಳಿದ ದುಡ್ಡಿನಲ್ಲಿ ಕೊಂಡರಾ, ಕೈಸಾಲದಲ್ಲಾ?"

"ನೋಡಿಲ್ಲ, ನಾಗಣ್ಣ."

"ನೌಕರರಿಗೆ ಹೊಸ ಷೇರು ಎಷ್ಟು ಹಂಚಿದ್ದಾರೆ, ಅದನ್ನಾದರೂ ನೋಡು," ಎಂದರು ಪದ್ಮಕ್ಕ. "ಮುಂದಿನ ಬಾಗಿಲಿನಿಂದ ಕೊಂಡು ಹಿಂದಿನ ಬಾಗಿಲಿನಿಂದ ಕೊಟ್ಟರೆ ಷೇರಿನ ಸಂಖ್ಯೆ ಇಳಿಯುವುದೇ ಇಲ್ಲ. ಅದಿರಲಿ, ವರ್ಷದ ಶುರುವಿನಲ್ಲಿ ಇದರ ಬೆಲೆ ಎಷ್ಟಿತ್ತು?"

ಸೀನು ತುಂಬಾ ಹೊತ್ತು ಮೊಬೈಲು ಉಜ್ಜಿದ. "ಈಗಿನದರ... ಎರಡರಷ್ಟು."

ಯಾರೂ ಮಾತಾಡಲಿಲ್ಲ. ಸೀನು ಫೋನು ಜೇಬಿಗೆ ಹಾಕಿ ಲೋಟಕ್ಕೆ ಕೈ ಚಾಚಿದ. ಲೋಟ ಖಾಲಿ.

"ನನ್ನ ಪಾಲು?"

"ನೀನು ಫೋನು ನೋಡುತ್ತಿದ್ದಾಗ ಬೈಬ್ಯಾಕ್ ಆಯಿತು," ಎಂದರು ನಾಗಣ್ಣ ಮೀಸೆ ಒರೆಸಿಕೊಳ್ಳುತ್ತಾ.

"ದುಡ್ಡು?"

"ಅಂಗಡಿಗೆ ಬಾ. ಕೂಪನ್ ಕೊಡುತ್ತೇನೆ."